ಉಗುರಿನ ಮೇಲೆ ಅಲಗು

ಸೋಲಿಂಗೆನ್,
6 ಫೆಬ್ರವರಿ 1978

ಶ್ರೀ ಎವಾಲ್ಡ್ ಪಾಶ್ ಅವರಿಗೆ,

ನಮ್ಮ ಕಾರ್ಖಾನೆಯ ಗೇಟಿನಿಂದ ನಿಮ್ಮ ಸಾಣೆಮನೆಗೆ ಇಳಿಜಾರಿನಲ್ಲಿ ಹತ್ತು ನಿಮಿಷದ ದಾರಿ. ಅಷ್ಟಕ್ಕೆ ಅಂಚೆಚೀಟಿ ಹಚ್ಚುವುದು ಹುಚ್ಚುತನವೆಂದು ಈ ಕಾಗದವನ್ನು ಹೆಲ್ಮಾಳ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅಲಗುಗಳ ಬುಟ್ಟಿ ಹಾಕಿಕೊಂಡು ಅವಳ ವ್ಯಾನು ವಾರಕ್ಕೆರಡು ಸಲ ನದಿ ದಂಡೆಯ ಸಾಣೆಯವರ ಬಳಿ ಬರುತ್ತದಲ್ಲ. ನಾನೇ ಬರಬಹುದಿತ್ತು. ಆದರೆ ನವೆಂಬರಿನಲ್ಲಿ ಅಪ್ಪನನ್ನು ಮಣ್ಣು ಮಾಡಿದ ದಿನ ನೀವು ಸ್ಮಶಾನದ ಗೇಟಿನ ಹೊರಗೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಿರಿ. ನಾನು ಹೊರಗೆ ಬರುವಷ್ಟರಲ್ಲಿ ಹೊರಟುಹೋಗಿದ್ದಿರಿ. ನನ್ನ ಮುಖ ನೋಡಲು ಮನಸ್ಸಿಲ್ಲ ಎಂದು ತಿಳಿದುಕೊಂಡೆ.

ವಿಷಯಕ್ಕೆ ಬರುತ್ತೇನೆ. ಒಂದು ದೊಡ್ಡ ಕಂಪನಿಯವರು ನಮ್ಮ ಲಾಟೀನು ಮುದ್ರೆಯನ್ನು ಕೊಳ್ಳಲು ಬಂದಿದ್ದಾರೆ. ಕಾರ್ಖಾನೆ ಅವರಿಗೆ ಬೇಡ, ಇಲ್ಲಿನ ಮೂವತ್ತನಾಲ್ಕು ಜನ ಬೇಡ, ಮುದ್ರೆಯೊಂದು ಸಾಕು. ಮುತ್ತಜ್ಜ ಪೇಟರ್ ಡೀಪ್‌ಮನ್ 1869ರಲ್ಲಿ ಕೆತ್ತಿಸಿದ ಲಾಟೀನನ್ನು ಇನ್ನೆಲ್ಲೋ ಮಾಡಿದ ಚಾಕುಗಳ ಮೇಲೆ ಒತ್ತುತ್ತಾರೆ. ಡಿಸೆಂಬರ್ ಒಂದರೊಳಗೆ ನಾನು ಉತ್ತರ ಹೇಳಬೇಕು.

ಒಂದೇ ಒಂದು ಬೇರೆ ದಾರಿ ಕಾಣುತ್ತಿದೆ. ಹ್ಯಾಂಬರ್ಗಿನ ಅಂಗಡಿಯಾಕೆಯೊಬ್ಬಳು, ತನ್ನ ತಾಯಿಯ ಅಡುಗೆಮನೆಯಲ್ಲಿದ್ದಂಥ ಚೋಪ್ಕೆನ್ ಬೇಕು ಎಂದು ಕೇಳಿದ್ದಾಳೆ. ಅದೇ, ನಮ್ಮೂರ ಹೆಂಗಸರು ಏಪ್ರನ್ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ ಪುಟ್ಟ ತರಕಾರಿ ಚಾಕು. ಒರೆಸದಿದ್ದರೆ ತುಕ್ಕು ಹಿಡಿಯುವಂಥದ್ದು, ಆದರೆ ಅದರಲ್ಲಿ ಸುಲಿದ ಆಲೂಗಡ್ಡೆಯ ತೆಳು ಸಿಪ್ಪೆಯಾಚೆ ಪತ್ರಿಕೆ ಓದಬಹುದಾದಂಥದ್ದು. ವರ್ಷದ ಕೊನೆಗೆ ಆರುನೂರು ಕೊಟ್ಟರೆ ಪ್ರತಿವರ್ಷ ತೆಗೆದುಕೊಳ್ಳುತ್ತಾಳಂತೆ. ಅವಳನ್ನು ನೋಡಿ ಇನ್ನೂ ನಾಲ್ಕು ಅಂಗಡಿಯವರು ಬರುತ್ತಾರೆ. ಅಷ್ಟು ತೆಳ್ಳಗೆ ಸಾಣೆ ಹಿಡಿಯುವುದು ಯಾವ ಯಂತ್ರಕ್ಕೂ ಗೊತ್ತಿಲ್ಲ, ನಮ್ಮ ಹುಡುಗರಿಗೂ ಗೊತ್ತಿಲ್ಲ. ಊರಿನಲ್ಲಿ ಗೊತ್ತಿದ್ದವರು ಮೂವರು. ಇಬ್ಬರು ತೀರಿಕೊಂಡರು.

ದಯವಿಟ್ಟು ಮೇಲಕ್ಕೆ ಬಂದು ನಮ್ಮವರಿಗೆ ಕಲಿಸಿಕೊಡಿ.

ವಂದನೆಗಳೊಂದಿಗೆ,
ಇರ್ಮ್‌ಗಾರ್ಡ್ ಡೀಪ್‌ಮನ್


ವುಪ್ಪರ್ ದಂಡೆ, ಕೆಳಗಿನ ಸಾಣೆಮನೆ
12 ಫೆಬ್ರವರಿ

ಇರ್ಮಾ,

'ಶ್ರೀ ಎವಾಲ್ಡ್ ಪಾಶ್ ಅವರಿಗೆ' ಎಂದು ಓದಿ, ಯಾರಪ್ಪ ಈ ದೊಡ್ಡ ಮನುಷ್ಯ ಎಂದು ಹಿಂದೆ ತಿರುಗಿ ನೋಡಿದೆ. ಬೆಕ್ಕು ಬಿಟ್ಟರೆ ಇನ್ಯಾರೂ ಇರಲಿಲ್ಲ. ನನ್ನ ಹೆಗಲೇರಿ ಎರಡೂ ಕಿವಿ ಹಿಡಿದು ಕುದುರೆ ಓಡಿಸಿದವಳು ನೀನು. ಈಗ ನಾನು ಶ್ರೀಯುತನಾದೆನೋ? ಕಾಗದದ ತಲೆಯ ಮೇಲೆ ಲಾಟೀನು ಅಚ್ಚಾಗಿದ್ದರೆ ಮನುಷ್ಯರು ಹೀಗೆ ಬರೆಯಲು ಕಲಿಯುತ್ತಾರೆ ಎಂದು ಕಾಣುತ್ತದೆ.

ಮೇಲಕ್ಕೆ ಬಾ ಎನ್ನುತ್ತೀಯ. 'ಇನ್ನು ಈ ಗುಡ್ಡ ಹತ್ಬೇಡ' ಎಂದವನು ನಿಮ್ಮಪ್ಪ. ಹೇಳಿದವನು ಹೋದ, ಹೇಳಿದ ಮಾತು ಇದ್ದಲ್ಲೇ ಇದೆ. ಅದನ್ನು ವಾಪಸು ತೆಗೆದುಕೊಳ್ಳುವವರು ಯಾರು? ಹನ್ನೆರಡು ವರ್ಷ ನಾನು ಊರೊಳಗೆ ಹೋಗಬೇಕಾದಾಗಲೂ ನಿಮ್ಮ ಗೇಟು ತಪ್ಪಿಸಿ, ಸೇತುವೆ ಸುತ್ತಿ, ಅರ್ಧ ಗಂಟೆ ಹೆಚ್ಚು ನಡೆದಿದ್ದೇನೆ. ಅಷ್ಟು ನಡೆದ ಕಾಲು ಈಗ ಸುಮ್ಮನೆ ತಿರುಗುವುದಿಲ್ಲ.

ನಿನ್ನ ಹುಡುಗರಿಗೆ ಕಲಿಸಲು ಆಗುವುದಿಲ್ಲ. ಹೆಲ್ಮಾ ಹೇಳಿದಳು, ಅವರು ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಾರಂತೆ. ಅಲಗು ಕಲ್ಲಿಗೆ ತಾಗಿದಾಗ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳದವನಿಗೆ ಕಲಿಸುವುದು ಏನನ್ನು?

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿನಗೆ ಓದಲು ಸುಲಭವಾಗಲಿ ಎಂದು.

ಎವಾಲ್ಡ್


ಸೋಲಿಂಗೆನ್,
3 ಮಾರ್ಚ್

ಎವಾಲ್ಡ್ ಮಾಮ,

ಬೈಸಿಕೊಂಡ ಮೇಲೆ ಹಗುರಾಯಿತು. ಇನ್ನು ಶ್ರೀಯುತ ಎನ್ನುವುದಿಲ್ಲ.

ಹನ್ನೆರಡು ವರ್ಷದ ಹಿಂದೆಯೇ ಬರೆಯಬೇಕಾಗಿದ್ದ ಕಾಗದ ಇದು. ಆ ಮೇ ತಿಂಗಳ ಬೆಳಿಗ್ಗೆ ನಾನು ಆಫೀಸಿನ ಮೂಲೆಯಲ್ಲಿ ಟೈಪ್ ಮಾಡುತ್ತ ಕುಳಿತಿದ್ದೆ. ಡುಸೆಲ್ಡಾರ್ಫಿನ ಮೂವರು ಗಿರಾಕಿಗಳು ಬಂದಿದ್ದರು. ನೀವು ಬುಟ್ಟಿ ಇಳಿಸಿ ಒಳಗೆ ಬಂದವರು, ಮಕಮಲ್ಲಿನ ತಟ್ಟೆಯಲ್ಲಿಟ್ಟಿದ್ದ ಚಾಕುಗಳಲ್ಲಿ ಒಂದನ್ನೆತ್ತಿ, ಎಡಗೈ ಹೆಬ್ಬೆರಳ ಉಗುರಿನ ಮೇಲೆ ಅಲಗಿನ ಬಾಯಿಯನ್ನು ಒತ್ತಿ ಎಳೆದಿರಿ. ತೆಳ್ಳಗಿನ ಅಲಗಾದರೆ ಉಗುರಿನ ಮೇಲೆ ತುಸು ಬಾಗಬೇಕು, ಆ ಬಾಗು ಅಲೆಯ ಹಾಗೆ ಮೊನೆಯವರೆಗೆ ಓಡಬೇಕು. ಅದು ಓಡಲಿಲ್ಲ. ನೀವು ಎಲ್ಲರೆದುರೂ ಹೇಳಿದಿರಿ: "ಗುಸ್ತಾವ್, ಇದು ಚಾಕುನೇನೋ, ಲಕೋಟೆ ಒಡೆಯೋ ಪಟ್ಟಿನೇನೋ? ಲಾಟೀನು ಹಚ್ಚಿಟ್ಟು ಕತ್ತಲೆ ಮಾರ್ತಿದೀಯಲ್ಲೋ."

ಅಪ್ಪ ಎದ್ದು ಬಂದು ಚಾಕು ಇಸಿದುಕೊಂಡರು. ತಮ್ಮ ಉಗುರಿನ ಮೇಲೂ ಎಳೆದು ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿದರು. ಆಮೇಲೆ ಗಿರಾಕಿಗಳಿಗೆ, "ಇದು ನಮ್ಮ ಹೊಸ ಯಂತ್ರದ್ದು. ತಪ್ಪು ನಂದೇ" ಎಂದರು. ನಿಮ್ಮ ಕಡೆ ತಿರುಗಿ, "ಎವಾಲ್ಡ್, ಇಳಿದು ಹೋಗು. ಇನ್ನು ಈ ಗುಡ್ಡ ಹತ್ಬೇಡ" ಎಂದರು.

ನಾನು ಟೈಪ್ ಮಾಡುತ್ತಲೇ ಇದ್ದೆ. ನೀವು ಹೋದ ಮೇಲೆ ನೋಡಿದರೆ ಆ ಸಾಲಿನ ತುಂಬ ಒಂದೇ ಅಕ್ಷರ ಬಿದ್ದಿತ್ತು. ಇಪ್ಪತ್ತೊಂಬತ್ತು ವರ್ಷದವಳು, ನಾಲಿಗೆಯಿದ್ದವಳು, ಎದ್ದು 'ಅಪ್ಪಾ, ಮಾಮ ಸರಿಯಾಗೇ ಹೇಳ್ತಿದ್ದಾರೆ' ಎನ್ನಬಹುದಿತ್ತು. ಎನ್ನಲಿಲ್ಲ. ಅದು ನನ್ನ ಎದೆಯಲ್ಲಿ ಇವತ್ತಿಗೂ ಕುಟುಕುತ್ತದೆ. ಕ್ಷಮಿಸಿ.

ಬರೀ ಬಾಯಿಮಾತಿನ ಕ್ಷಮೆಯಲ್ಲ. ಮುಂದಿನ ವರ್ಷ ಮನೆತನಕ್ಕೆ ನೂರಹತ್ತು ತುಂಬುತ್ತದೆ. ನಮ್ಮ ಚರಿತ್ರೆಯ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಹಂದಿಗೂಡಿನ ಪಕ್ಕದ ಕೊಟ್ಟಿಗೆಯಲ್ಲಿ ಮುತ್ತಜ್ಜ ಪೇಟರ್ ಕುಲುಮೆ ಹೂಡಿದ್ದು, ಮುತ್ತಜ್ಜಿ ತಲೆಯ ಮೇಲೆ ಅಲಗುಗಳ ಬುಟ್ಟಿ ಹೊತ್ತು ನದಿಗಿಳಿದು ಹತ್ತುತ್ತಿದ್ದುದು, ಎಲ್ಲ ಬರುತ್ತದೆ. 1966ಕ್ಕೂ ಒಂದು ಪುಟವಿಡುತ್ತೇನೆ. ಯಂತ್ರದ ಅಲಗಿಗೆ ಈ ಮನೆ ಲಾಟೀನು ಒತ್ತಿತು, ಎವಾಲ್ಡ್ ಪಾಶ್ ಒಂದು ಉಗುರಿನಲ್ಲಿ ಅದನ್ನು ಹಿಡಿದರು, ಗುಸ್ತಾವ್ ಡೀಪ್‌ಮನ್ ಅವರನ್ನು ಅಟ್ಟಿದ್ದು ಅನ್ಯಾಯ ಎಂದು ಅಚ್ಚು ಹಾಕಿಸುತ್ತೇನೆ. ಊರೇ ಓದಲಿ.

ನಿಮ್ಮ,
ಇರ್ಮಾ


ವುಪ್ಪರ್ ದಂಡೆ,
28 ಮಾರ್ಚ್

ಇರ್ಮಾ,

ಈಸ್ಟರಿಗೆ ನೀನು ಕಳುಹಿಸಿದ ಬ್ರೆಟ್ಸೆಲ್ ರೊಟ್ಟಿ ಬಂತು. ನಿಮ್ಮಪ್ಪನೂ ಪ್ರತಿ ಈಸ್ಟರಿಗೆ ಒಂದು ಕಳುಹಿಸುತ್ತಿದ್ದ. ನಾನು ಬಿಚ್ಚದೆ ವಾಪಸು ಕಳುಹಿಸುತ್ತಿದ್ದೆ. ನನಗೆ ಈಗಷ್ಟೇ ಗೊತ್ತಾಯಿತು, ಹನ್ನೊಂದು ವರ್ಷ ಅವನ್ನೆಲ್ಲ ಹೆಲ್ಮಾ ದಾರಿಯಲ್ಲೇ ತಿಂದಿದ್ದಾಳೆ. ಕೇಳಿದರೆ, "ಕಳಿಸ್ದೋರಿಗೆ ಸಮಾಧಾನ, ವಾಪಸ್ ಮಾಡ್ದೋರಿಗೆ ಸಮಾಧಾನ, ನಂಗೆ ಹೊಟ್ಟೆ ತುಂಬ. ಇದ್ರಲ್ಲಿ ನಷ್ಟ ಯಾರ್ಗೆ?" ಎನ್ನುತ್ತಾಳೆ. ನಿನ್ನದನ್ನು ಅರ್ಧ ತಿಂದೆ. ಉಳಿದರ್ಧ ಅವಳಿಗೆ ಕೊಟ್ಟೆ, ರೂಢಿ ತಪ್ಪಬಾರದಲ್ಲ.

ಚರಿತ್ರೆ ಬರೆಯುವವಳು ಇದನ್ನೂ ಬರೆ. ನಲವತ್ತನಾಲ್ಕರ ನವೆಂಬರಿನಲ್ಲಿ ಬಾಂಬು ಬಿದ್ದು ಊರು ಬೂದಿಯಾದಾಗ, ಕಾರ್ಖಾನೆಯ ಕಲ್ಲುರಾಶಿಯಿಂದ ಗುಸ್ತಾವ್ ಮತ್ತು ನಾನು ಬರಿಗೈಯಲ್ಲಿ ಅಲಗುಗಳನ್ನು ಆಯ್ದು ತೆಗೆದೆವು. ಬೆಂಕಿಗೆ ಅವುಗಳ ಹದ ಹೋಗಿತ್ತು. ನಿಮ್ಮಪ್ಪ ಒಂದೊಂದನ್ನೂ ಮತ್ತೆ ಕಾಯಿಸಿ ಹದ ಹಾಕಿದ, ನಾನು ಸಾಣೆ ಹಿಡಿದೆ. ಅವನ್ನು ಹಳ್ಳಿಗೊಯ್ದು ರೈತರಿಗೆ ಕೊಟ್ಟು ಆಲೂಗಡ್ಡೆ ತಂದೆವು. ಆ ಚಳಿಗಾಲ ನೀನೂ ತಿಂದದ್ದು ಅದನ್ನೇ, ಏಳು ವರ್ಷದವಳು. ಆ ಚಾಕುಗಳಿಗೆ ಗುಸ್ತಾವ್ ಲಾಟೀನು ಒತ್ತಲಿಲ್ಲ. "ಹದ ಪೂರ್ತಿ ಬಂದಿಲ್ಲ, ನಮ್ಮ ಹೆಸರು ಬೇಡ" ಎಂದ. ಹಸಿದ ಹೊಟ್ಟೆಯಲ್ಲಿ ಹಾಗೆಂದವನು.

ಅರವತ್ತಾರರ ಆ ಪುಟ ಬೇಡ. ಬಿಟ್ಟುಬಿಡು.

ಕಲಿಸುವ ವಿಷಯ. ನಿನ್ನ ಹುಡುಗರಿಗಲ್ಲ, ನಿನಗಾದರೆ ನೋಡೋಣ. ಹತ್ತು ವರ್ಷದವಳಿದ್ದಾಗ ನಿನ್ನ ಕೈಹಿಡಿದು ಕಲ್ಲಿನ ಮುಂದೆ ಕೂರಿಸಿದ್ದೆ, ಕೈ ನಡುಗಲಿಲ್ಲ. ನಿಮ್ಮ ಹಿಂದಿನ ಕೋಣೆಯಲ್ಲಿ ಅಜ್ಜನ ಕಾಲದ ಸಾಣೆಚಕ್ರ ಇರಬೇಕಲ್ಲ. ಅದರಲ್ಲಿ ಹಿಡಿದು ಕಳುಹಿಸು. ನಾನು ನೋಡಿ ಬರೆಯುತ್ತೇನೆ. ನೀನು ಇಲ್ಲಿಗೆ ಬರಬೇಡ. ಮುಖ ನೋಡಿದರೆ ಕನಿಕರ ಬರುತ್ತದೆ, ಅಲಗಿಗೆ ಕನಿಕರ ಆಗಿಬರುವುದಿಲ್ಲ.

ಎವಾಲ್ಡ್


ಸೋಲಿಂಗೆನ್,
17 ಏಪ್ರಿಲ್

ಎವಾಲ್ಡ್ ಮಾಮ,

ಐದು ಅಲಗು ಕಳುಹಿಸುತ್ತಿದ್ದೇನೆ. ಸಂಜೆ ಐದಕ್ಕೆ ಕೆಲಸದವರು ಹೋದ ಮೇಲೆ ಏಪ್ರನ್ ಕಟ್ಟಿಕೊಂಡು ಕೂರುತ್ತೇನೆ. ಕೂದಲಲ್ಲೆಲ್ಲ ಕೆಸರು. ಮಾಲಕಿಗೆ ತಲೆ ಕೆಟ್ಟಿದೆ ಎಂದು ಮುದ್ರೆ ಒತ್ತುವ ವಿಭಾಗದವರು ಮಾತಾಡಿಕೊಳ್ಳುತ್ತಿದ್ದಾರೆ. ಮುದ್ರೆ ಮಾರಿದರೆ ಮೊದಲು ಮನೆಗೆ ಹೋಗುವವರು ಅವರೇ ಎಂಬುದು ಅವರಿಗಿನ್ನೂ ಗೊತ್ತಿಲ್ಲ.

ಆ ಪುಟ ಯಾಕೆ ಬೇಡ? ನೀವು ದೊಡ್ಡ ಮನಸ್ಸು ಮಾಡುವುದೇನೋ ಸರಿ, ನನಗೆ ಬಿಡಲು ಮನಸ್ಸಿಲ್ಲ.

ಇರ್ಮಾ


ವುಪ್ಪರ್ ದಂಡೆ,
24 ಏಪ್ರಿಲ್

ಇರ್ಮಾ,

ಐದರಲ್ಲಿ ಎರಡು ಬೆಣ್ಣೆ ಹಚ್ಚಲು ಆಗುತ್ತವೆ. ಒಂದು ಬಾಗಿಲಿಗೆ ಆನಿಕೆ ಕೊಡಲು ಚೆನ್ನಾಗಿದೆ. ನಾಲ್ಕನೆಯದನ್ನು ಬೆಕ್ಕಿಗೆ ತೋರಿಸಿದೆ, ಎದ್ದು ಹೋಯಿತು. ಐದನೆಯದರಲ್ಲಿ ಮೊನೆಯ ಹತ್ತಿರ ಒಂದು ಬೆರಳಗಲ ಸರಿಯಾಗಿದೆ. ಆ ಒಂದು ಬೆರಳಗಲ ಹೇಗೆ ಬಂತು ಎಂದು ಕೈಯನ್ನು ಕೇಳು, ತಲೆಯನ್ನು ಕೇಳಬೇಡ.

ಕಲ್ಲಿಗೆ ಒತ್ತಬೇಡ. ಮೈಭಾರ ಹಿಮ್ಮಡಿಯಲ್ಲಿರಲಿ. ನೀರು ಇನ್ನೂ ಸಣ್ಣಗೆ ಬಿಡು.

ಎವಾಲ್ಡ್


ವುಪ್ಪರ್ ದಂಡೆ,
10 ಜುಲೈ

ಇರ್ಮಾ,

ಹನ್ನೆರಡರಲ್ಲಿ ನಾಲ್ಕು ಚಾಕು. ಉಳಿದವು ನಿನ್ನ ಆತುರ. ಹೆಲ್ಮಾ ಹೇಳಿದಳು, ಕಂಪನಿಯ ಮನುಷ್ಯ ಮತ್ತೆ ಕಾರಿನಲ್ಲಿ ಬಂದಿದ್ದನಂತೆ, ನಿನಗೆ ಹೂಗುಚ್ಛ ತಂದಿದ್ದನಂತೆ. ಹೂವು ಕೊಟ್ಟವನಿಗೆ ಕಾಫಿ ಕೊಟ್ಟು ಕಳುಹಿಸು, ಸಹಿ ಕೊಡಬೇಡ.

ಚರ್ಮ ಹೊದಿಸಿದ ಮರದ ಚಕ್ರದಲ್ಲಿ ಕೊನೆಯ ಹೊಳಪು ಕೊಡುವಾಗ ಉಸಿರು ಹಿಡಿಯುತ್ತಿದ್ದೀಯ. ಅಲಗಿನ ಮೇಲೆ ಕಾಣುತ್ತದೆ. ಉಸಿರಾಡು.

ಎವಾಲ್ಡ್


ಸೋಲಿಂಗೆನ್,
18 ಸೆಪ್ಟೆಂಬರ್

ಪ್ರೀತಿಯ ಎವಾಲ್ಡ್ ಮಾಮ,

ಕಳೆದ ತಿಂಗಳು ಕಳುಹಿಸಿದ ಏಳನ್ನೂ ನೀವು ಪಾಸು ಮಾಡಿದಿರಿ. 'ಏಳೂ ಚಾಕು' ಎಂಬ ಆ ಎರಡು ಪದದ ಕಾಗದವನ್ನು ಗೋಡೆಗೆ ಅಂಟಿಸಿದ್ದೇನೆ. ಆರುನೂರರಲ್ಲಿ ಇನ್ನೂರಕ್ಕೆ ನಾನು ಸಾಣೆ ಹಿಡಿದಾಗಿದೆ, ಹಿರಿಯ ಕೆಲಸಗಾರ ಬ್ರೂನೋಗೂ ಹೇಳಿಕೊಡುತ್ತಿದ್ದೇನೆ. ಅವನು ರೇಡಿಯೋ ಬಂದ್ ಮಾಡಿದ್ದಾನೆ. ಆದರೆ ಇನ್ನೂ ಕೈಗೆ ಭರವಸೆ ಬಂದಿಲ್ಲ. ನೀವು ಪಕ್ಕದಲ್ಲಿಲ್ಲದೆ ಈ ಕೆಲಸ ದಡ ಸೇರುತ್ತದೆ ಎಂದು ನನಗೆ ಧೈರ್ಯವಿಲ್ಲ, ಧೈರ್ಯವಿಲ್ಲದೆ ಕಂಪನಿಯವರಿಗೆ ಇಲ್ಲ ಎನ್ನುವುದು ಹೇಗೆ? ಮೂವತ್ತನಾಲ್ಕು ಮನೆಯ ಒಲೆಯ ಪ್ರಶ್ನೆ.

ಇದರ ಜೊತೆ ಪುಸ್ತಿಕೆಯ ಅಚ್ಚಿನ ಕರಡು ಇದೆ. ಇಪ್ಪತ್ತಮೂರನೆಯ ಪುಟ ನಿಮ್ಮದು. ಬೇಡ ಎಂದಿರಿ, ಆದರೂ ಹಾಕಿದ್ದೇನೆ. ಅಪ್ಪ ಮಾಡಿದ್ದು ತಪ್ಪು, ತಪ್ಪನ್ನು ತಪ್ಪು ಎನ್ನದೆ ನೂರಹತ್ತು ವರ್ಷದ ಹೆಮ್ಮೆ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಅಕ್ಟೋಬರ್ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ. ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ.

ಇರ್ಮಾ


ವುಪ್ಪರ್ ದಂಡೆ,
2 ಅಕ್ಟೋಬರ್

ಇರ್ಮಾ,

ಇದನ್ನು ಹೆಲ್ಮಾಳ ಕೈಗೆ ಕೊಡುತ್ತಿಲ್ಲ. ಚೀಟಿ ಹಚ್ಚಿ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ಇಪ್ಪತ್ತಮೂರನೆಯ ಪುಟವನ್ನು ಭೂತಗನ್ನಡಿ ಇಟ್ಟು ನಾಲ್ಕು ಸಲ ಓದಿದೆ. ಹೆಸರಿನ ಕಾಗುಣಿತ ಸರಿಯಿದೆ. ಉಳಿದದ್ದೆಲ್ಲ ಸುಳ್ಳು.

ಆ ಚಾಕು ನನ್ನದು, ಇರ್ಮಾ. ಯಂತ್ರದ್ದಲ್ಲ. ನಾನೇ ಸಾಣೆ ಹಿಡಿದದ್ದು.

ಆ ವಸಂತದಲ್ಲಿ ನನ್ನ ಕ್ಲಾರಾ ಆಸ್ಪತ್ರೆಯಲ್ಲಿದ್ದಳು. ನಿನಗೆ ನೆನಪಿರಬಹುದು, ನಿನಗೆ ಭಾನುವಾರ ಚೆರ್ರಿ ಹಾಕಿ ದೋಸೆಯಂಥ ವಾಫೆಲ್ ಮಾಡಿಕೊಡುತ್ತಿದ್ದವಳು. ಬೆಳಿಗ್ಗೆ ಕಲ್ಲಿನ ಮುಂದೆ ಕೂರುತ್ತಿದ್ದೆ, ಮಧ್ಯಾಹ್ನದ ಬಸ್ಸಿಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಕೈ ಇಲ್ಲಿರುತ್ತಿತ್ತು, ನಾನು ಅಲ್ಲಿರುತ್ತಿದ್ದೆ. ಆ ಎರಡು ತಿಂಗಳು ಏನು ಹಿಡಿದೆನೋ ದೇವರಿಗೇ ಗೊತ್ತು. ಉಗುರಿನ ಮೇಲೆ ನೋಡದೆಯೇ ಬುಟ್ಟಿ ತುಂಬಿ ಕಳುಹಿಸುತ್ತಿದ್ದೆ.

ಆ ಬೆಳಿಗ್ಗೆ ನಾನು ಮೇಲೆ ಬಂದದ್ದೇ ಜಗಳ ಹುಡುಕಿಕೊಂಡು. ಗುಸ್ತಾವ್ ಯಂತ್ರ ತರಿಸಿದ್ದಾನೆ ಎಂಬ ಸಿಟ್ಟು ಒಂದು ಕಡೆ, ಹೆಂಡತಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಇನ್ನೊಂದು ಕಡೆ. ಚಾಕು ಎತ್ತಿದೆ, ಉಗುರಿನ ಮೇಲೆ ಎಳೆದೆ, ಬಾಗಲಿಲ್ಲ, ಬಾಯಿಗೆ ಬಂದದ್ದು ಅಂದೆ. ತಟ್ಟೆಗೆ ವಾಪಸು ಇಡಬೇಕೆನ್ನುವಾಗ ಅಲಗು ಬೆಳಕಿಗೆ ಓರೆಯಾಯಿತು. ಸಾಣೆಯ ಗೆರೆಗಳು ಎಡಕ್ಕೆ ವಾಲಿದ್ದವು. ಹದಿನಾಲ್ಕನೆಯ ವಯಸ್ಸಿನಲ್ಲಿ ಮುರಿದ ನನ್ನ ಮಣಿಕಟ್ಟು ನೆಟ್ಟಗೆ ಕೂಡಲಿಲ್ಲ. ಇಡೀ ವುಪ್ಪರ್ ದಂಡೆಯಲ್ಲಿ ಗೆರೆ ಎಡಕ್ಕೆ ವಾಲುವುದು ನನ್ನೊಬ್ಬನದೇ.

ಅಷ್ಟರಲ್ಲಿ ಮಾತು ಬಿದ್ದಾಗಿತ್ತು. ಗುಸ್ತಾವ್ ಚಾಕು ಇಸಿದುಕೊಂಡ. ಈಗ ಹೇಳುತ್ತಾನೆ, ಇದು ನಿಂದೇ ಕಣೋ ಎನ್ನುತ್ತಾನೆ, ನಾನು ಮೂವರು ಅಪರಿಚಿತರೆದುರು ನೆಲಕ್ಕಿಳಿದು ಹೋಗುತ್ತೇನೆ ಎಂದು ಕಾದೆ. ಅವನು ಯಂತ್ರದ್ದು ಎಂದ. ಪಾಪ, ಅವನಿಗೆ ತಿಳಿಯಲಿಲ್ಲ, ನಿಜವಾಗಿಯೂ ಯಂತ್ರದ್ದೆಂದೇ ನಂಬಿದ ಎಂದುಕೊಂಡೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬೈಸಿಕೊಂಡು ಇಳಿದು ಬಂದೆ, ಮೂರು ವಾರಕ್ಕೆ ಕ್ಲಾರಾ ಹೋದಳು. ಊರವರೆಲ್ಲ ನನಗೆ ಅನ್ಯಾಯವಾಯಿತು ಎಂದರು. ನಾನು ಹೌದು ಎಂದು ತಲೆ ಆಡಿಸಿದೆ. ಆ ಶರತ್ಕಾಲದಲ್ಲಿ ಗುಸ್ತಾವ್ ಯಂತ್ರವನ್ನೇ ಮಾರಿಬಿಟ್ಟ ಎಂದು ಕೇಳಿದಾಗ ಎರಡು ದಿನ ಊಟ ಸೇರಲಿಲ್ಲ. ಅವನು ಬ್ರೆಟ್ಸೆಲ್ ಕಳುಹಿಸಿದಾಗೆಲ್ಲ, ತಪ್ಪು ಮಾಡದವನು ಕ್ಷಮೆ ಕೇಳುತ್ತಿದ್ದಾನಲ್ಲ ಎನ್ನಿಸುತ್ತಿತ್ತು. ಅದಕ್ಕೇ ವಾಪಸು ಕಳುಹಿಸಿದ್ದು.

ಸ್ಮಶಾನದ ಗೇಟು ದಾಟಲಿಲ್ಲ ಎಂದೆಯಲ್ಲ. ಯಾವ ಮುಖ ಹೊತ್ತು ದಾಟಲಿ?

ನಂಬಿಕೆ ಬಾರದಿದ್ದರೆ, ಆ ಚಾಕು ಎಲ್ಲಾದರೂ ಇದ್ದರೆ, ಹಿಡಿ ಬಿಚ್ಚಿ ನೋಡು. ಹಿಡಿಯೊಳಗೆ ಅಡಗುವ ಉಕ್ಕಿನ ಬಾಲದ ಮೇಲೆ ನಾವು ಸಾಣೆಯವರು ಅರದಿಂದ ನಮ್ಮ ಗುರುತು ಹಾಕುತ್ತೇವೆ. ನನ್ನಪ್ಪನದು ಎರಡು ಗೀಟು, ನನ್ನದು ಮೂರು.

ನಿಮ್ಮಪ್ಪನ ಹೆಸರಿಗೆ ಮಸಿ ಬಳಿಯಬೇಡ. ಬಳಿಯುವುದಿದ್ದರೆ ನನ್ನದಕ್ಕೆ ಬಳಿ. ಕಾಗುಣಿತ ಸರಿಯಿದೆ.

ಎವಾಲ್ಡ್


ಸೋಲಿಂಗೆನ್,
9 ಅಕ್ಟೋಬರ್

ಎವಾಲ್ಡ್ ಮಾಮ,

ಚಾಕು ಇತ್ತು. ಅಪ್ಪನ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಎಣ್ಣೆಬಟ್ಟೆ ಸುತ್ತಿ, ಹಿಂದಕ್ಕೆ ತಳ್ಳಿಟ್ಟಿದ್ದರು. ಅಪ್ಪ ಹೋದ ಮೇಲೆ ಆ ಡ್ರಾಯರು ಎಳೆದಿರಲೇ ಇಲ್ಲ.

ಹಿಡಿ ಬಿಚ್ಚಲು ಸುತ್ತಿಗೆ ತಂದೆ. ಬಿಚ್ಚುವ ಮೊದಲು ಮೊಳೆಗಳ ಮೇಲೆ ಕಣ್ಣು ಬಿತ್ತು. ಅರವತ್ತಾರರಲ್ಲಿ ನಮ್ಮ ಹಿಡಿಗಳಿಗೆಲ್ಲ ಅಲ್ಯೂಮಿನಿಯಂ ಮೊಳೆ. ಇದಕ್ಕೆ ಹಿತ್ತಾಳೆ ಮೊಳೆ. ನಿಮಗೂ ನೆನಪಿರಬೇಕು, ಕಾರ್ಖಾನೆಯಲ್ಲಿ ಹಿತ್ತಾಳೆ ಮೊಳೆ ಹೊಡೆಯುತ್ತಿದ್ದವರು ಅಪ್ಪ ಒಬ್ಬರೇ, ಮನೆಗೆ ಬೇಕಾದ ಚಾಕು ರಿಪೇರಿ ಮಾಡುವಾಗ. ಮೊಳೆಯ ತಲೆಯನ್ನು ಗೋಲವಾಗಿ ತಟ್ಟುವ ಅವರ ಅಭ್ಯಾಸವೂ ಅದರ ಮೇಲಿದೆ.

ಹಿಡಿಯನ್ನು ಅವರು ಆಗಲೇ ಬಿಚ್ಚಿ ನೋಡಿದ್ದರು, ಮಾಮ. ಮತ್ತೆ ಮುಚ್ಚಿದ್ದರು.

ನಾನೂ ಬಿಚ್ಚಿದೆ. ಮೂರು ಗೀಟು ಇವೆ. ಆ ಗೀಟುಗಳ ಸಂದಿಯಲ್ಲಿ ತುಕ್ಕು ಬರಬಾರದು ಎಂದು ಮೇಣ ತುಂಬಿದ್ದಾರೆ. ಚೀಟಿಯೇನೂ ಇರಲಿಲ್ಲ, ಎಲ್ಲ ಹುಡುಕಿದೆ.

ಅಪ್ಪನಿಗೆ ಗೊತ್ತಿತ್ತು. ಬಹುಶಃ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಾಗಲೇ ಗೊತ್ತಾಗಿತ್ತು. ಕ್ಲಾರಾ ಅತ್ತೆ ಆಸ್ಪತ್ರೆಯಲ್ಲಿರುವುದೂ ಗೊತ್ತಿತ್ತು. ಗುಡ್ಡ ಹತ್ತಬೇಡ ಎಂದು ಯಾಕೆ ಹೇಳಿದರೋ ನನಗೆ ತಿಳಿಯದು. ನೀವಿಬ್ಬರೂ ಎದುರೆದುರು ಕೂತರೆ ಒಂದಲ್ಲ ಒಂದು ದಿನ ಅದು ಬಾಯಿಂದ ಬಿದ್ದುಬಿಡುತ್ತದೆ ಎಂದಿರಬಹುದು. ನಿಮ್ಮ ಮಾತಿಗೆ ಸಿಟ್ಟು ಬಂದಿದ್ದೂ ಇರಬಹುದು. ಅವರೂ ಮನುಷ್ಯರೇ ತಾನೆ.

ಇಪ್ಪತ್ತಮೂರನೆಯ ಪುಟವನ್ನು ತೆಗೆಸಿದೆ. ಅಲ್ಲಿಗೆ ಆಲೂಗಡ್ಡೆಯ ಕಥೆ ಹಾಕಿದ್ದೇನೆ.

ಮೇಜಿನ ಮೇಲೆ ತಲೆಯಿಟ್ಟು ತುಂಬ ಹೊತ್ತು ಅತ್ತೆ. ಅಪ್ಪ ಸತ್ತ ದಿನ ಇಷ್ಟು ಅತ್ತಿರಲಿಲ್ಲ.

ನಿಮ್ಮ ಇರ್ಮಾ


ವುಪ್ಪರ್ ದಂಡೆ,
23 ಅಕ್ಟೋಬರ್

ಇರ್ಮಾ,

ಎರಡು ವಾರ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಸಾಣೆ ಹಿಡಿದೆ.

ಹಾಗಾದರೆ ಅವನು ಬ್ರೆಟ್ಸೆಲ್ ಕಳುಹಿಸಿದ್ದು ಕ್ಷಮೆ ಕೇಳಲು ಅಲ್ಲ. ಅದು ಬರೀ ಬ್ರೆಟ್ಸೆಲ್ ಆಗಿತ್ತು. ತಿನ್ನಬಹುದಿತ್ತು.

ನಿನ್ನೆ ಸ್ಮಶಾನಕ್ಕೆ ಹೋಗಿದ್ದೆ. ಈ ಸಲ ಗೇಟಿನ ಒಳಗೆ ಹೋದೆ. ಅವನಿಗೆ ಎರಡು ಮಾತು ಬೈದೆ, ಗೊತ್ತಿದ್ದೂ ಹೇಳದೆ ಹೋದದ್ದಕ್ಕೆ. ನನ್ನ ಮಾನ ಉಳಿಸಲು ಹೋಗಿ ಹನ್ನೆರಡು ವರ್ಷದ ಭಾನುವಾರಗಳನ್ನು ಕಳೆದುಬಿಟ್ಟ, ಮುದಿ ಗೂಬೆ. ಯಾವುದು ದೊಡ್ಡದು ಎಂದು ಅವನು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಆ ಚಾಕು ಕಳುಹಿಸು. ಅದನ್ನು ಸರಿಮಾಡಿಕೊಡುತ್ತೇನೆ.

ಎವಾಲ್ಡ್


ವುಪ್ಪರ್ ದಂಡೆ,
8 ನವೆಂಬರ್

ಇರ್ಮಾ,

ಚಾಕು ಹೆಲ್ಮಾಳ ಕೈಯಲ್ಲಿ ಬರುತ್ತಿದೆ. ಮೂರು ದಿನ ಹಿಡಿಯಿತು. ಹಿಡಿಗೆ ಹಿತ್ತಾಳೆ ಮೊಳೆಯನ್ನೇ ಹೊಡೆದಿದ್ದೇನೆ.

ನಿನ್ನ ಉಗುರಿನ ಮೇಲೆ ಎಳೆದು ನೋಡು. ಹೇಗಿದೆ ಎಂದು ಹೇಳು. ನಾನು ನಿಮ್ಮಪ್ಪನಿಗೆ ಹೇಳಿದ ಹಾಗೆ ಹೇಳು, ನಿಮ್ಮಪ್ಪ ನನ್ನಿಂದ ಮುಚ್ಚಿಟ್ಟ ಹಾಗೆ ಮುಚ್ಚಿಡಬೇಡ.

ಎವಾಲ್ಡ್


ಸೋಲಿಂಗೆನ್,
11 ನವೆಂಬರ್

ಪ್ರೀತಿಯ ಎವಾಲ್ಡ್ ಮಾಮ,

ಇವತ್ತು ಸಂತ ಮಾರ್ಟಿನನ ಹಬ್ಬ. ಸಂಜೆಯಾಗುತ್ತಿದೆ. ಮಕ್ಕಳು ಕಾಗದದ ಲಾಟೀನು ಹಿಡಿದು ಹಾಡುತ್ತ ನಮ್ಮ ಗೇಟಿನ ಮುಂದೆ ಹೋದರು. ನಾನು ಕಿಟಕಿಯಲ್ಲಿ ನಿಂತು, ಕೈಯಲ್ಲಿ ನಿಮ್ಮ ಚಾಕು ಹಿಡಿದುಕೊಂಡಿದ್ದೆ.

ಉಗುರಿನ ಮೇಲೆ ಎಳೆದೆ. ಮೊನೆಯಿಂದ ಮುಕ್ಕಾಲು ಭಾಗ ಅಲೆ ಓಡುತ್ತದೆ, ಇಷ್ಟು ಚೆಂದದ ಓಟವನ್ನು ನಾನು ಇನ್ನೂ ಕಂಡಿಲ್ಲ. ಹಿಡಿಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿ ದಪ್ಪ ಇದೆ, ಮಾಮ. ಕಾಲು ಭಾಗ ದಪ್ಪ.

ಮೂರು ಸಲ ಎಳೆದು ನೋಡಿದೆ, ತಪ್ಪು ನನ್ನದಿರಲಿ ಎಂದು. ನನ್ನದಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಗಸ್ಟಿನಲ್ಲಿ ನೀವು ಪಾಸು ಮಾಡಿದ ಏಳರಲ್ಲಿ ಎರಡು ದಪ್ಪ ಇದ್ದವು. ವಾಪಸು ಬಂದ ದಿನವೇ ನನಗೆ ಗೊತ್ತಾಯಿತು. ಅಷ್ಟು ದೊಡ್ಡ ಅಕ್ಷರದಲ್ಲಿ ಯಾಕೆ ಬರೆಯುತ್ತೀರಿ, ಇಲ್ಲಿಗೆ ಬರಬೇಡ ಎಂದು ಯಾಕೆ ಹೇಳಿದಿರಿ ಎಂಬುದೂ ಆಗಲೇ ತಿಳಿಯಿತು. ಸುಮ್ಮನಿದ್ದೆ. ನಿಮ್ಮ ಮನಸ್ಸು ನೋಯಬಾರದು ಎಂದು ಗೋಡೆಗೆ ಕಾಗದ ಅಂಟಿಸಿದೆ. ನನಗೆ ಗೊತ್ತಿಲ್ಲದೆಯೇ ಅಪ್ಪ ಮಾಡಿದ್ದನ್ನೇ ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲ. ನಿಮ್ಮನ್ನು ಇನ್ನೊಂದು ಹನ್ನೆರಡು ವರ್ಷ ಕಳೆದುಕೊಳ್ಳಲು ನನಗೆ ಶಕ್ತಿಯಿಲ್ಲ.

ನಿಮ್ಮ ಕಣ್ಣು ಮಂಜಾಗಿದೆ, ನಿಮ್ಮ ಕೈ ಮಂಜಾಗಿಲ್ಲ. ನನ್ನ ಕಣ್ಣು ನೆಟ್ಟಗಿದೆ, ಕೈಗೆ ಇನ್ನೂ ಬುದ್ಧಿ ಸಾಲದು. ಎರಡೂ ಸೇರಿದರೆ ಒಬ್ಬ ಸಾಣೆಯವನಾಗುತ್ತಾನೆ.

ಕಂಪನಿಯವರಿಗೆ ಕಾಗದ ಟೈಪ್ ಮಾಡಿಟ್ಟಿದ್ದೇನೆ. ಲಾಟೀನು ಮಾರಾಟಕ್ಕಿಲ್ಲ ಎಂದು. ಸಹಿ ಹಾಕಿಲ್ಲ, ನಿಮ್ಮ ಉತ್ತರ ಕಾಯುತ್ತಿದೆ.

ಗುಡ್ಡ ಹತ್ತಬೇಡ ಎಂಬ ಮಾತನ್ನು ವಾಪಸು ತೆಗೆದುಕೊಳ್ಳುವವರು ಯಾರು ಎಂದು ಫೆಬ್ರವರಿಯಲ್ಲಿ ಕೇಳಿದ್ದಿರಿ. ನಾನು, ಗುಸ್ತಾವ್ ಡೀಪ್‌ಮನ್ನರ ಮಗಳು, ತೆಗೆದುಕೊಂಡಿದ್ದೇನೆ.

ನಿಮ್ಮ ಇರ್ಮಾ


ವುಪ್ಪರ್ ದಂಡೆ,
13 ನವೆಂಬರ್

ಇರ್ಮಾ,

ಹೆಲ್ಮಾಳಿಗೆ ಓದಲು ಕೊಟ್ಟೆ. ನನಗೆ ಕಾಣುವುದಿಲ್ಲ ಎಂದು ಅವಳಿಗೂ ಗೊತ್ತಿತ್ತಂತೆ. ನಿಮ್ಮ ಮನೆತನದ ರೋಗ ವ್ಯಾನಿಗೂ ಅಂಟಿದೆ.

ಹಿಡಿಯ ಹತ್ತಿರ ದಪ್ಪ ಎಂದು ನನ್ನ ಬೆರಳಿಗೆ ಅನುಮಾನ ಇತ್ತು. ಯಾರಾದರೂ ಹೇಳಲಿ ಎಂದೇ ಕಳುಹಿಸಿದ್ದು. ನೀನು ಹೇಳಿದೆ. ಓದಿ ಮುಗಿಸಿದ ಮೇಲೆ ಹೆಲ್ಮಾ ನನ್ನ ಮುಖ ನೋಡಿ, "ಯಾಕೋ ಮುದುಕಪ್ಪ, ಬೈಸ್ಕೊಂಡು ನಗ್ತಿದೀಯಲ್ಲ" ಎಂದಳು.

ಸಹಿ ಹಾಕು.

ನಾಳೆ ಏಳಕ್ಕೆ ಬರುತ್ತೇನೆ. ಆ ಚಾಕುವನ್ನು ಕಲ್ಲಿನ ಪಕ್ಕ ಇಟ್ಟಿರು, ಕಾಲು ಭಾಗ ನೀನು ಹಿಡಿಯುತ್ತೀಯ, ನಾನು ಕೇಳಿಸಿಕೊಳ್ಳುತ್ತೇನೆ. ಮುಗಿದ ಮೇಲೆ ಹಿಡಿ ಬಿಚ್ಚಿ ಗೀಟು ನಾಲ್ಕು ಮಾಡೋಣ, ನಾಲ್ಕನೆಯದು ನಿನ್ನದು. ಒಂದು ಏಪ್ರನ್ ಮತ್ತು ಬೆನ್ನಿಗೆ ಒರಗು ಇರುವ ಕುರ್ಚಿ ಬೇಕು.

ವ್ಯಾನಿನಲ್ಲಿ ಕರೆತರುತ್ತೇನೆ ಎಂದು ಹೆಲ್ಮಾ ಹಟ ಮಾಡಿದಳು. ಬೇಡ ಎಂದೆ. ಇಳಿದದ್ದು ನಡೆದುಕೊಂಡು, ಹತ್ತುವುದೂ ನಡೆದುಕೊಂಡೇ.

ನಿನ್ನ
ಎವಾಲ್ಡ್ ಮಾಮ